ನೂರೆಂಬತ್ತು ವ್ಯಾಟು

ಬ್ಯಾಂಕು ಮುಚ್ಚಿದಾಗ ಮೇಜು, ಗಡಿಯಾರ, ಸೀಲುಗಳ ಜೊತೆ
ಇದನ್ನೂ ಹರಾಜಿಗೆ ಹಾಕಿದರು.
ನನ್ನ ಹನ್ನೊಂದು ವರ್ಷದ ಉಳಿತಾಯ ನುಂಗಿ ಕೂತವರು
ಈ ಕಪ್ಪು ಡಬ್ಬಿಯನ್ನಷ್ಟೇ ಹೊರಗೆ ಬಿಟ್ಟರು,
ಅದೂ ಡಾಲರು ಎಣಿಸಿಕೊಂಡು.
ಪಕ್ಕೆಯಲ್ಲಿ ಚೀಟಿ ಇನ್ನೂ ಇದೆ:
ಟ್ರಿಪೋಲಿ, ಮೀನಾ ಶಾಖೆ, ಕೌಂಟರ್ ನಾಲ್ಕು.
ಉಗುರಿನಲ್ಲಿ ಕೆರೆದೆ, ಅರ್ಧ ಬಂತು.
ಉಳಿದರ್ಧ ಇರಲಿ ಅಂತ ಬಿಟ್ಟೆ,
ಯಾರು ಯಾರಿಗೆ ಬಾಕಿ ಅನ್ನುವುದಕ್ಕೊಂದು ಸಾಕ್ಷಿ.

ಅಣ್ಣ ಮುಂಝಿರ್ ಮರ ಕೊಯ್ಯುತ್ತಾನೆ,
ನಾನು ಗೆರೆ ಎಳೆಯುತ್ತೇನೆ.
ಅಕ್ರೋಟು ಮರದ ಕುರ್ಚಿ, ಬೆನ್ನಿಗೆ ಜಾಲಂಧ್ರ;
ಬತ್ರೂನಿನ ಗಿರಾಕಿಗೆ ಆರು ಬೇಕಂತೆ,
ಆದರೆ ಮುಂಗಡಕ್ಕೆ ಮೊದಲು ಚಿತ್ರ,
ಬಿಸಿಲು ಬಿದ್ದ ಹಾಗೆ, ನೆರಳು ಕೆಡೆದ ಹಾಗೆ.
ಈ ಡಬ್ಬಿಯೋ ಕೂಡಿ ಕಳೆದು ಬೆಳೆದದ್ದು,
ಬಡ್ಡಿ ಗೊತ್ತು, ಬಿಸಿಲು ಗೊತ್ತಿಲ್ಲ.
ಮೇಲಿನಿಂದ ಕೆಳಕ್ಕೆ ಒಂದೊಂದೇ ಎಳೆ ನೇಯುತ್ತದೆ.
ಸಂಜೆ ಐದಕ್ಕೆ ಕೂರಿಸಿದರೆ
ಎಂಟಕ್ಕೆ ಬೆನ್ನು, ಹತ್ತಕ್ಕೆ ಕೈ,
ಹನ್ನೊಂದೂವರೆಗೆ ಹಲಗೆಯ ಅಂಚು,
ಹನ್ನೆರಡಕ್ಕೆ ಅಬು ರಾಮೆಝ್ ಜನರೇಟರ್ ನಿಲ್ಲಿಸುತ್ತಾನೆ.
ಇಡೀ ಓಣಿ ಒಮ್ಮೆಗೇ ಕಣ್ಣು ಮುಚ್ಚುತ್ತದೆ.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಂತೆ.
ಹದಿನಾಲ್ಕು ರಾತ್ರಿ ನನ್ನ ಕುರ್ಚಿಗೆ
ಕಾಲೇ ಮೂಡಲಿಲ್ಲ.

ನಖ್ಲೆ ಮುಚ್ಚಳ ಬಿಚ್ಚಿದ, ಊದಿದ, ಕೆಮ್ಮಿದ.
ಬ್ಯಾಂಕಿನ ಧೂಳು. ಅದರೊಳಗೆ ಒಂದು ಸ್ಟೇಪಲ್ ಪಿನ್ನು,
ಫ್ಯಾನಿಗೆ ಸುತ್ತಿಕೊಂಡ ಒಂದು ಉದ್ದ ಕೂದಲು.
ಕೌಂಟರ್ ನಾಲ್ಕರವಳದೇ ಇರಬೇಕು,
ಮುಂದಿನ ವಾರ ಬನ್ನಿ, ಮುಂದಿನ ವಾರ ಬನ್ನಿ ಎಂದು
ನನ್ನ ಮುಖ ನೋಡದೆ ಹೇಳುತ್ತಿದ್ದವಳು.
ಅವಳ ಕೊನೆಯ ಸಂಬಳವೂ ಬಂದಿರಲಿಕ್ಕಿಲ್ಲ.

“ನೂರೆಂಬತ್ತು,” ಎಂದ ನಖ್ಲೆ, ಪವರ್ ಸಪ್ಲೈ ಬೆನ್ನು ಓದಿ.
“ದೊಡ್ಡದು ಹಾಕೋಣವೆಂದರೆ ಆಕಾರ ಇವರದ್ದೇ,
ಪ್ಲಗ್ಗೂ ಇವರದ್ದೇ. ಹೊರಗಿನ ಸಂಬಂಧ ಕೂಡದ ಮನೆತನ.”
ಸಿಗರೇಟು ಪ್ಯಾಕಿನ ಮೇಲೆ ಲೆಕ್ಕ ಹಾಕಿದ:
ಪ್ರೊಸೆಸರ್ ಅರವತ್ತೈದು ಉಣ್ಣುತ್ತದೆ,
ಬೋರ್ಡು ಇಪ್ಪತ್ತೈದು, ಡಿಸ್ಕು ಹತ್ತು, ಫ್ಯಾನು ಐದು,
“ಮುಪ್ಪಿಗೆ ಅಂತ ಇನ್ನೊಂದು ಇಪ್ಪತ್ತೈದು ತೆಗೆದಿಡು.”
ಉಳಿದದ್ದು ಐವತ್ತು.
ತಿರುಗುವ ಡಿಸ್ಕು ಕಿತ್ತು ತಿರುಗದ್ದು ಇಟ್ಟರೆ
ಮತ್ತೇಳು.

ಈ ಲೆಕ್ಕ ನನಗೆ ಹೊಸದೇ?
ಐದು ಆಂಪಿಯರಿನ ಮನೆಯವಳು ನಾನು.
ಇಸ್ತ್ರಿ ಹಿಡಿದರೆ ಫ್ರಿಜ್ಜು ಬಿಡಬೇಕು,
ನೀರು ಕಾಯಿಸಿದರೆ ಕೂದಲು ತಾನೇ ಒಣಗಬೇಕು,
ಎರಡಕ್ಕೂ ಆಸೆಪಟ್ಟರೆ ಟಪ್ಪೆನ್ನುತ್ತದೆ,
ಚಪ್ಪಲಿ ಮೆಟ್ಟಿ ಮೂರು ಮಹಡಿ ಇಳಿಯಬೇಕು.

ಡ್ರಾಯರ್ ತಡಕಾಡಿ ತೆಗೆದ ಒಂದು ಗಿಡ್ಡ ಕಾರ್ಡು,
ಅಂಗೈಯಷ್ಟು, ಐವತ್ತಕ್ಕೇ ಹೊಟ್ಟೆ ತುಂಬುವಂಥದ್ದು.
ಬೇರೆ ವೈರು ಕೇಳುವುದಿಲ್ಲ,
ಬೋರ್ಡು ಬಡಿಸಿದ್ದನ್ನೇ ಉಂಡು ಸುಮ್ಮನಿರುತ್ತದೆ.
ಅದರ ತಗಡಿನ ಪಟ್ಟಿ ಮಾತ್ರ ಎತ್ತರದ ಪೆಟ್ಟಿಗೆಗೆ ಮಾಡಿದ್ದು.
ಮುಂಝಿರ್ ಗರಗಸ ತಂದ, ಆಮೇಲೆ ಅರ;
ಮರದ ಕೈ ಉಕ್ಕಿನ ಮೇಲೆ ಗೊಣಗಿತು.
ಕಾರ್ಡು ಕೂತಿತು. ತುಸು ಸೊಟ್ಟ. ಇರಲಿ.

ನಿನ್ನೆ ಹತ್ತೂ ಇಪ್ಪತ್ತೆಂಟಕ್ಕೆ ಫ್ರಿಜ್ಜಿನ ಪ್ಲಗ್ಗು ಎಳೆದೆ.
ಉಸಿರು ಕೂಡ ವ್ಯಾಟು ತಿನ್ನುತ್ತದೇನೋ ಎಂಬಂತೆ
ಅಲುಗಾಡದೆ ಕೂತೆ.
ಬೆನ್ನು ಬಂತು. ಕೈ ಬಂತು.
ಹಲಗೆಯ ಮೇಲೆ ಮೀನಾದ ಬಿಸಿಲು ಬಂತು,
ನಲವತ್ತು ನಿಮಿಷಕ್ಕೆ ಕಾಲೂ ಬಂದವು,
ನಾಲ್ಕೂ.

ಹಿಂದಿನವೆರಡು ಒಳಕ್ಕೆ ಬಾಗಿವೆ.
ತೂಕದವರು ಒರಗಿದರೆ ಬೆನ್ನಡಿಯಾಗಿ ಬೀಳುತ್ತಾರೆ.
ಹದಿನಾಲ್ಕು ರಾತ್ರಿ ಕತ್ತಲೆ
ನನ್ನ ತಪ್ಪನ್ನು ಸೆರಗಿನಲ್ಲಿ ಮುಚ್ಚಿಟ್ಟಿತ್ತು.

ಹನ್ನೊಂದೂ ಎಂಟು.
ಕೆಳಗೆ ಜನರೇಟರ್ ಗುರುಗುಡುತ್ತಿದೆ.
ಇನ್ನೊಂದು ಸಲಕ್ಕೆ ಸಾಕು, ಹನ್ನೆರಡು ನಿಮಿಷ ಮಿಗುತ್ತದೆ.
ಮೊಸರು ತಡೆದುಕೊಳ್ಳುತ್ತದೆ.
ಕಾಲುಗಳನ್ನು ಅಳಿಸಿದೆ.